ಘೇಂಡಾಮೃಗದ ಕಾಲಡಿ ಏನಿತ್ತು?

ನಾನು ಪಶುವೈದ್ಯ. ಯಾರ ಕೊಟ್ಟಿಗೆಗೆ ಹೋದರೂ ಹಸುವಿಗಿಂತ ಮೊದಲು ನೆಲ ನೋಡುತ್ತೇನೆ. ಯೂರೋಪಿನಲ್ಲಿ ಘೇಂಡಾಮೃಗ ಸಾಕಿದ ಚರಿತ್ರೆ ಓದುವಾಗಲೂ ಕಣ್ಣು ಅಲ್ಲಿಗೇ ಹೋಗುತ್ತದೆ. ಯಾವ ರಾಜ ತರಿಸಿದ, ನೋಡಲು ಯಾರೆಲ್ಲ ಬಂದರು ಅಂತ ವಿವರವಾಗಿ ಬರೆದಿಟ್ಟಿದ್ದಾರೆ. ಪ್ರಾಣಿ ಯಾವುದರ ಮೇಲೆ ನಿಂತಿತ್ತು ಅನ್ನುವುದನ್ನು ನಾವೇ ಹುಡುಕಿಕೊಳ್ಳಬೇಕು.

ರೋಮನ್ನರ ಕಾಲದ ನಂತರ ಅಲ್ಲಿಗೆ ಹೋದ ಮೊದಲ ಘೇಂಡಾಮೃಗ ನಮ್ಮ ಕಡೆಯದೇ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟದ್ದು. 1515ರ ಜನವರಿಯಲ್ಲಿ ಗೋವಾದಿಂದ ಹೊರಟು ಮೇ 20ಕ್ಕೆ ಲಿಸ್ಬನ್ ಮುಟ್ಟಿತು. (ಗೋವಾ ಬಿಜಾಪುರದ ಆದಿಲ್‌ಶಾಹಿಗಳ ಕೈತಪ್ಪಿ ಆಗ ಐದು ವರ್ಷವೂ ಆಗಿರಲಿಲ್ಲ.) ದೊರೆ ಮ್ಯಾನುಯೆಲ್ ಅದನ್ನು ಆನೆಯ ಎದುರು ಬಿಟ್ಟ. ಆನೆಯೇ ಓಡಿಹೋಯಿತು. ಮರುವರ್ಷ ಪೋಪ್‌ಗೆ ಉಡುಗೊರೆಯಾಗಿ ಕಳಿಸುವಾಗ ಇಟಲಿಯ ತೀರದಲ್ಲಿ ಹಡಗು ಮುಳುಗಿತು. ಘೇಂಡಾಮೃಗ ಚೆನ್ನಾಗಿ ಈಜುತ್ತದೆ. ಆದರೆ ಇದಕ್ಕೆ ಸರಪಳಿ ಬಿಗಿದಿದ್ದರು.

ನನಗೆ ಇನ್ನೂ ಕುತೂಹಲ ಕ್ಲಾರಾ ಬಗ್ಗೆ. ಬಂಗಾಳದಲ್ಲಿದ್ದ ಡಚ್ ಕಂಪನಿ ಅಧಿಕಾರಿಯೊಬ್ಬರ ಮನೆಯಲ್ಲಿ ಸಾಕಿದ ಮರಿ ಅದು. ಡಚ್ ಕಪ್ತಾನನೊಬ್ಬ ಕೊಂಡುಕೊಂಡು 1741ರಲ್ಲಿ ರಾಟರ್‌ಡ್ಯಾಮ್‌ಗೆ ತಂದ. ಹಡಗಿನಲ್ಲಿ ಕೆಸರಿಲ್ಲವಲ್ಲ, ಚರ್ಮ ಒಡೆಯದಿರಲಿ ಅಂತ ಮೀನೆಣ್ಣೆ ಹಚ್ಚುತ್ತಿದ್ದರಂತೆ. ಆ ಕಾಲಕ್ಕೆ ಒಳ್ಳೆಯ ಉಪಾಯವೇ ಅನ್ನಿ. ಆಮೇಲೆ ಸುಮಾರು 17 ವರ್ಷ ಮರದ ಗಾಡಿಯಲ್ಲಿ ಊರೂರು ತಿರುಗಾಟ. ಹುಲ್ಲಿನ ಜೊತೆ ಬ್ರೆಡ್ಡು, ಕಿತ್ತಳೆ, ಬಿಯರು. 1751ರಲ್ಲಿ ವೆನಿಸ್ಸಿನಲ್ಲಿ ಪಿಯೆತ್ರೊ ಲೋಂಗಿ ಬರೆದ ಚಿತ್ರದಲ್ಲಿ ಕ್ಲಾರಾಗೆ ಕೊಂಬಿಲ್ಲ. ಪಕ್ಕದಲ್ಲಿ ನಿಂತವನು ಅದನ್ನು ಕೈಯಲ್ಲಿ ಎತ್ತಿ ತೋರಿಸುತ್ತಿದ್ದಾನೆ! ಈ ಕೊಂಬಿನೊಳಗೆ ಮೂಳೆ ಇರುವುದಿಲ್ಲ, ಅದು ನಮ್ಮ ಉಗುರಿನ ಜಾತಿಯದು. ಇಕ್ಕಟ್ಟಿನಲ್ಲಿ ಮಾಡಲು ಏನೂ ಕೆಲಸವಿಲ್ಲದ ಪ್ರಾಣಿ ಅದನ್ನು ಹಲಗೆಗೋ ಕಂಬಿಗೋ ಉಜ್ಜುತ್ತಲೇ ಇರುತ್ತದೆ. ಕ್ಲಾರಾ 1758ರಲ್ಲಿ ಲಂಡನ್ನಿನಲ್ಲಿ ಸತ್ತಾಗ ವಯಸ್ಸು ಸುಮಾರು 20. ಚೆನ್ನಾಗಿ ನೋಡಿಕೊಂಡರೆ ಅದರ ಎರಡರಷ್ಟು ಬದುಕುವ ಪ್ರಾಣಿ ಇದು.

19ನೇ ಶತಮಾನದಲ್ಲಿ ಮೃಗಾಲಯಗಳು ಬಂದವು. ಲಂಡನ್ ಮೃಗಾಲಯಕ್ಕೆ 1834ರಲ್ಲಿ ಭಾರತದ ಘೇಂಡಾಮೃಗ, 1868ರಲ್ಲಿ ಆಫ್ರಿಕಾದ ಕಪ್ಪು ಘೇಂಡಾಮೃಗ, 1872ರಲ್ಲಿ ಚಿತ್ತಗಾಂಗ್‌ನಿಂದ ಬೇಗಂ ಎಂಬ ಸುಮಾತ್ರಾ ಜಾತಿಯ ಹೆಣ್ಣು ಬಂದವು. ಗಾಡಿ ಹೋಗಿ ಕಟ್ಟಡ ಬಂತು, ಹಲಗೆ ಹೋಗಿ ಗಟ್ಟಿ ನೆಲ, ಮುಂದೆ ಕಾಂಕ್ರೀಟು. ನೀರು ಬಿಟ್ಟರೆ ಸಗಣಿ ತೊಳೆದು ಹೋಗುತ್ತದೆ, ರೋಗ ಹರಡುವುದಿಲ್ಲ ಅನ್ನುವ ಲೆಕ್ಕ. ಲೆಕ್ಕ ಸುಳ್ಳಲ್ಲ. ಪೆಟ್ಟು ಬಿದ್ದದ್ದು ಪಾದಕ್ಕೆ.

ಘೇಂಡಾಮೃಗದ ಒಂದೊಂದು ಪಾದಕ್ಕೂ ಮೂರು ಬೆರಳು, ಮೂರು ಗೊರಸು, ಹಿಂದೆ ಮೆತ್ತನೆಯ ಅಂಗಾಲು. ಅಸ್ಸಾಮಿನ ಜೌಗು ನೆಲದಲ್ಲಿ ಗೊರಸಿನ ಅಂಚು ಉದ್ದ, ಗಟ್ಟಿ. ಭಾರ ಹೊರುವುದು ಅದೇ. ಗಟ್ಟಿ ನೆಲದಲ್ಲಿ ಆ ಅಂಚು ಸವೆದು ಎರಡು ಟನ್ ಭಾರ ಅಂಗಾಲಿನ ಮೇಲೆ ಕೂರುತ್ತದೆ. ಆಗ ನಡುವಿನ ಗೊರಸಿಗೂ ಅಂಗಾಲಿಗೂ ಮಧ್ಯೆ ಬಿರುಕು ಬಿಡುತ್ತದೆ. ಒಳಗೆ ಕೊಳೆ ಹೊಕ್ಕು ಹುಣ್ಣಾಗುತ್ತದೆ, ಕೀವು ಕಟ್ಟುತ್ತದೆ. ಭಾರದ ಗಂಡುಗಳಿಗೆ ಇದು ಜಾಸ್ತಿ. ಸಿಮೆಂಟ್ ಕೊಟ್ಟಿಗೆಯಲ್ಲಿ ಕುಂಟುವ ಎಚ್‌ಎಫ್ (ಹಾಲಿಗೆಂದು ಸಾಕುವ ವಿದೇಶಿ ತಳಿ) ಹಸು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಸುಮ್ನೆ ಮುಲಾಮು ಹಚ್ಚಿದರೆ ಆಗುವುದಿಲ್ಲ. ಸತ್ತ ಭಾಗ ಕೆತ್ತಿ ತೆಗೆಯಬೇಕು, ನೆಲ ಬದಲಾಯಿಸಬೇಕು. ಈಗ ಮರದ ತೊಗಟೆಯ ಚೂರು, ಮರಳು, ಹೊರಳಾಡಲು ಕೆಸರುಗುಂಡಿ ಕೊಡುತ್ತಾರೆ.

ಇನ್ನೊಂದು ತಪ್ಪು ನೆಲದ್ದಲ್ಲ, ಜೊತೆಯದು. ಬಹುಕಾಲ ಒಂದೊಂದೇ ಪ್ರಾಣಿ ಇಟ್ಟುಕೊಂಡರು, ಮರಿ ಎಲ್ಲಿಂದ ಬರಬೇಕು? ಭಾರತದ ಘೇಂಡಾಮೃಗ ಯೂರೋಪಿನಲ್ಲಿ ಮೊದಲು ಮರಿ ಹಾಕಿದ್ದು 1956ರ ಸೆಪ್ಟೆಂಬರ್‌ನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಕಾಜಿರಂಗದ ಗದಾಧರ್ ಅಪ್ಪ, ಜೋಯ್‌ಮೋತಿ ಅಮ್ಮ, ಮರಿ ರುದ್ರ. ಈ ಜಾತಿಯ ವಂಶಾವಳಿ ಪುಸ್ತಕ ಇಡುವುದೂ ಬಾಸೆಲ್ಲೇ. ಬಿಳಿ ಘೇಂಡಾಮೃಗಕ್ಕೆ ಒಂದು ಜೋಡಿ ಸಾಲದು, ಹಿಂಡು ಬೇಕು. ಇಂಗ್ಲೆಂಡಿನ ವಿಪ್ಸ್‌ನೇಡ್ ಮೃಗಾಲಯಕ್ಕೆ 1970ರಲ್ಲಿ ದಕ್ಷಿಣ ಆಫ್ರಿಕಾದಿಂದ 20 ಪ್ರಾಣಿಗಳನ್ನು ಒಟ್ಟಿಗೆ ತಂದು ವಿಶಾಲ ಹುಲ್ಲುಗಾವಲಿಗೆ ಬಿಟ್ಟಾಗ ಮರಿಗಳು ಹುಟ್ಟತೊಡಗಿದವು.

ಬಿಳಿ ಘೇಂಡಾಮೃಗದಲ್ಲಿ ದಕ್ಷಿಣದ್ದು, ಉತ್ತರದ್ದು ಅಂತ ಎರಡು ಉಪಜಾತಿ. ಉತ್ತರದ ಬಿಳಿ ಘೇಂಡಾಮೃಗಕ್ಕೆ ಅಷ್ಟು ಅದೃಷ್ಟವಿರಲಿಲ್ಲ. ಮೃಗಾಲಯದಲ್ಲಿ ಅದು ಮರಿ ಹಾಕಿದ್ದು ಜೆಕ್ ದೇಶದ ದ್ವೂರ್ ಕ್ರಾಲೊವೆಯಲ್ಲಿ ಮಾತ್ರ. 2009ರಲ್ಲಿ ಅಲ್ಲಿಂದ ನಾಲ್ಕನ್ನು ಕೀನ್ಯಾಕ್ಕೆ ಕಳಿಸಿದರು. ಕೊನೆಯ ಗಂಡು ಸುಡಾನ್ 2018ರಲ್ಲಿ ಸತ್ತಿತು. ಉಳಿದದ್ದು ತಾಯಿ ನಾಜಿನ್, ಮಗಳು ಫಾತು. ನಾಜಿನ್‌ಳ ಹಿಂಗಾಲಿಗೆ ಬಸಿರಿನ ಭಾರ ಹೊರುವ ಶಕ್ತಿಯಿಲ್ಲ, ಫಾತುವಿನ ಗರ್ಭಕೋಶ ಕೆಟ್ಟಿದೆ. ಬಸಿರಾಗದೆ ವರ್ಷಗಟ್ಟಲೆ ಉಳಿದ ಹೆಣ್ಣು ಘೇಂಡಾಮೃಗಗಳ ಗರ್ಭಕೋಶದಲ್ಲಿ ಗಡ್ಡೆ ಬೆಳೆಯುವುದು ಎಷ್ಟೋ ಕಡೆ ಕಂಡಿದೆ. ಹಾಗಾಗಿ ಎಳೆ ವಯಸ್ಸಿನಲ್ಲೇ ಜೊತೆ ಹುಡುಕಿ, ಬೇಕಾದರೆ ಬೇರೆ ದೇಶದ ಮೃಗಾಲಯಕ್ಕೂ ಕಳಿಸುವುದು ಒಳ್ಳೆಯದು. ಫಾತುವಿನ ಅಂಡಾಣುಗಳನ್ನು 2019ರಿಂದ ತೆಗೆಯುತ್ತಿದ್ದಾರೆ. ಸತ್ತ ಗಂಡುಗಳ ಶೀತಲೀಕರಿಸಿದ ವೀರ್ಯದ ಜೊತೆ ಸೇರಿಸಿ ಇಟಲಿಯ ಪ್ರಯೋಗಾಲಯದಲ್ಲಿ ಭ್ರೂಣ ಮಾಡುತ್ತಾರೆ. ಹೊರಬೇಕಾದವಳು ದಕ್ಷಿಣದ ಬಿಳಿ ಘೇಂಡಾಮೃಗ.