ಶರಾವತಿಯ ಎಲೆಕ್ಟ್ರಾನ್ ಸಕಲೇಶಪುರಕ್ಕೆ ಬರುವುದಿಲ್ಲ

ಮಳೆಗಾಲದಲ್ಲಿ ಸಕಲೇಶಪುರದ ಕಡೆ ಮರ ಬಿದ್ದು ತಂತಿ ತುಂಡಾದರೆ ದಿನಗಟ್ಟಲೆ ಕತ್ತಲು. ಲೈನ್‌ಮನ್ ಸರಿಪಡಿಸಿದ ಕೂಡಲೇ ‘ಕರೆಂಟು ಬಂತು’ ಎನ್ನುತ್ತೇವೆ. ಎಲ್ಲಿಂದ ಬಂತು ಎಂದರೆ, ಶರಾವತಿಯಲ್ಲಿ ಹುಟ್ಟಿದ ಎಲೆಕ್ಟ್ರಾನ್‌ಗಳು ತಂತಿಯೊಳಗೆ ಓಡಿ ಬಂದವು ಎಂಬುದೇ ಹಲವರ ಊಹೆ. ಆದರೆ ಕಂಬದ ಮೇಲಿನ ಟಿ.ಸಿ.ಯನ್ನೇ (ಟ್ರಾನ್ಸ್‌ಫಾರ್ಮರ್) ನೋಡಿ. ಅದರೊಳಗಿನ ಎರಡು ಸುರುಳಿಗಳನ್ನು ಯಾವ ತಂತಿಯೂ ಜೋಡಿಸಿಲ್ಲ. ಒಂದರ ಎಲೆಕ್ಟ್ರಾನ್ ಇನ್ನೊಂದಕ್ಕೆ ದಾಟುವುದೇ ಇಲ್ಲ.

ಈ ಊಹೆಗೆ ಹಳೆಯ ಬೇರಿದೆ. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಒಂದು ದ್ರವವೆಂದು ಕಲ್ಪಿಸಿ, ಧನ–ಋಣ ಎಂದು ಹೆಸರಿಟ್ಟರು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಾಗ ಅದು ಋಣ ಕಣವೆಂದು ತಿಳಿಯಿತು. ವಿದ್ಯುತ್ ಧನದಿಂದ ಋಣಕ್ಕೆ ಹರಿಯುತ್ತದೆಂದು ತೋರಿಸುವ ಪಠ್ಯಪುಸ್ತಕದ ಬಾಣದ ಗುರುತು ಇಂದಿಗೂ ಎಲೆಕ್ಟ್ರಾನ್ ಸಾಗುವ ದಿಕ್ಕಿಗೆ ವಿರುದ್ಧವಾಗಿಯೇ ಇದೆ. ಬಾಣ ತಿರುವುಮುರುವಾದರೂ ಲೆಕ್ಕ ಕೆಡುವುದಿಲ್ಲ. ದ್ರವದ ಚಿತ್ರ ಮನಸ್ಸಿನಲ್ಲಿ ಉಳಿದುಬಿಟ್ಟದ್ದೇ ನಿಜವಾದ ತೊಡಕು.

ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ನೇರ ವಿದ್ಯುತ್ (ಒಂದೇ ದಿಕ್ಕಿನದು) ಹರಿಯುತ್ತಿದೆ ಎನ್ನೋಣ. ಎಲೆಕ್ಟ್ರಾನ್‌ಗಳ ಗುಂಪು ಮುಂದೆ ಸರಿಯುವುದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್, ಅಂದರೆ ಗಂಟೆಗೆ ಒಂದು ಗೇಣಿಗಿಂತ ತುಸು ಹೆಚ್ಚು! ಬಿಡಿ ಎಲೆಕ್ಟ್ರಾನ್‌ಗಳೇನೋ ಸೆಕೆಂಡಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತವೆ, ಆದರೆ ದಿಕ್ಕುದೆಸೆಯಿಲ್ಲದೆ. ನಮ್ಮ ಮನೆಗಳಲ್ಲಿ ಇರುವುದು ಸೆಕೆಂಡಿಗೆ 50 ಬಾರಿ ಹಿಂದೆಮುಂದೆ ತೂಗುವ ಪರ್ಯಾಯ ವಿದ್ಯುತ್. ಅದೇ ತಂತಿಯಲ್ಲಿ ಅಷ್ಟೇ ಪರ್ಯಾಯ ವಿದ್ಯುತ್ ಹರಿದರೆ ಗುಂಪಿನ ಓಲಾಟ ಮಿಲಿಮೀಟರಿನ ಸಾವಿರದ ಒಂದು ಭಾಗವನ್ನೂ ಮುಟ್ಟದು.

ಹಾಗಾದರೆ ಸ್ವಿಚ್ ಒತ್ತಿದೊಡನೆ ಬಲ್ಬು ಹೇಗೆ ಬೆಳಗುತ್ತದೆ? ತಂತಿಯ ತುಂಬ ಎಲೆಕ್ಟ್ರಾನ್‌ಗಳು ಮೊದಲೇ ಇರುತ್ತವೆ. ಅವನ್ನು ತಳ್ಳುವ ವಿದ್ಯುತ್ ಕ್ಷೇತ್ರ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಹಬ್ಬುತ್ತದೆ. ತಂತಿಯ ಹೊರಗೂ ಏನೋ ನಡೆಯುತ್ತಿದೆ ಎಂಬ ಸುಳಿವು 1820ರಲ್ಲೇ ಸಿಕ್ಕಿತ್ತು: ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗಿದ್ದನ್ನು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಕಂಡಿದ್ದರು. ಶಕ್ತಿ ಸಾಗುವುದು ತಂತಿಯ ಸುತ್ತಲಿನ ಕ್ಷೇತ್ರದ ಮೂಲಕ ಎಂದು 1884ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಪಾಯಿಂಟಿಂಗ್ ಗಣಿತದಿಂದ ತೋರಿಸಿದರು. ಇಷ್ಟು ದೊಡ್ಡ ವಿಚಾರ ಶಾಲೆಯ ಪಾಠಕ್ಕೆ ಸರಿಯಾಗಿ ಇಳಿಯದಿರುವುದು ನನಗೆ ಬೇಸರದ ಸಂಗತಿ.

ಎಲೆಕ್ಟ್ರಾನ್ ನಿಧಾನವೆಂದು ಕಡಿದುಬಿದ್ದ ತಂತಿಯನ್ನು ಹಗುರವಾಗಿ ಕಾಣಬೇಡಿ. ಮುಟ್ಟಿದವರ ದೇಹದಲ್ಲಿರುವ ಅಯಾನುಗಳನ್ನೇ (ವಿದ್ಯುದಾವೇಶವುಳ್ಳ ಕಣಗಳನ್ನೇ) ಆ ಕ್ಷೇತ್ರ ತಳ್ಳುತ್ತದೆ, ಅದೂ ಆ ಕ್ಷಣದಲ್ಲೇ.

ಕ್ಷೇತ್ರಕ್ಕೆ ತಂತಿಯೇ ಬೇಕೆಂದೂ ಇಲ್ಲ. ಹಾಸನದ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಸಂಕೇತ ತಲುಪಲು ಸುಮಾರು 0.12 ಸೆಕೆಂಡು ಸಾಕು. ಆಂಟೆನಾದ ಎಲೆಕ್ಟ್ರಾನ್‌ಗಳು ಮಾತ್ರ ಹಾಸನದಲ್ಲೇ ಉಳಿಯುತ್ತವೆ.