ಫ್ಲ್ಯಾಟ್ ನಮ್ಮದು, ಹೊರಗೋಡೆ ಯಾರದು?

‘ಕಿಟಕಿ, ಬಾಲ್ಕನಿ ಅಥವಾ ಕಟ್ಟಡದ ಹೊರಮೈಯಲ್ಲಿ ಬಟ್ಟೆ ತೂಗುಹಾಕುವಂತಿಲ್ಲ.’ ಅಪಾರ್ಟ್‌ಮೆಂಟ್ ಸಂಘಗಳ ಬೈಲಾಗಳಲ್ಲಿ ಮತ್ತೆ ಮತ್ತೆ ನಕಲಾಗುತ್ತ ಬಂದಿರುವ ನಿಯಮವಿದು. ಕಾರವಾರದಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಒಂದು ಮಳೆಗಾಲ ಕಳೆದವರಿಗೆಲ್ಲ ಗೊತ್ತು. ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ತಾರಸಿಗೆ ಹೋಗುವಂತಿಲ್ಲ, ಕೋಣೆಯೊಳಗೆ ಹಾಕಿದರೆ ಬಟ್ಟೆಗೂ ಗೋಡೆಗೂ ಬೂಸಲು. ಉಳಿಯುವುದು ಬಾಲ್ಕನಿ ಮಾತ್ರ. ಅಲ್ಲಿಯೂ ಬೇಡ ಎನ್ನುವ ನಿಯಮವನ್ನು ಯಾರು, ಯಾವ ಊರನ್ನು ನೋಡಿ ಬರೆದರು?

ಕಾರವಾರವನ್ನು ನೋಡಿಯಂತೂ ಅಲ್ಲ. ಇದರ ಬೇರು ದೂರದಲ್ಲಿದೆ. ಒಂದೇ ಕಟ್ಟಡದ ಬೇರೆ ಬೇರೆ ಅಂತಸ್ತನ್ನು ಬೇರೆ ಬೇರೆಯವರು ಪೂರ್ಣ ಹಕ್ಕಿನಿಂದ ಹೊಂದುವುದಕ್ಕೆ ಅಮೆರಿಕದ ಅಧೀನದಲ್ಲಿರುವ ಪ್ಯೂರ್ಟೊ ರಿಕೊ ದ್ವೀಪ 1958ರಲ್ಲಿ ಒಂದು ಕಾಯ್ದೆ ಮಾಡಿತು. 1961ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಇಂಥ ಮನೆಗಳ ಸಾಲಕ್ಕೂ ವಿಮೆ ಒದಗಿಸಲು ಒಪ್ಪಿ, ಮರುವರ್ಷ ರಾಜ್ಯಗಳಿಗೆಂದು ಮಾದರಿ ಕಾಯ್ದೆಯೊಂದನ್ನು ಸಿದ್ಧಪಡಿಸಿತು. ಮಹಾರಾಷ್ಟ್ರದ 1970ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಆ ಮಾದರಿಯ ವಾಕ್ಯಗಳು ಕೆಲವೆಡೆ ಹಾಗೆಹಾಗೆಯೇ ಕಾಣುತ್ತವೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಅದೇ ಅಚ್ಚಿನದು. 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಮುಂಬಯಿಯ ಕಾನೂನು ಹೊಸದಲ್ಲ. ಈ ಸಲ ಅದು ಬೆಂಗಳೂರು ಸುತ್ತಿ ಬಂತು. ಕಾಯ್ದೆಯ ಜೊತೆಗೆ ಮಾದರಿ ಬೈಲಾ ಬಂತು, ಅದರೊಟ್ಟಿಗೆ ಬಾಲ್ಕನಿಯ ಬಟ್ಟೆಯ ನಿಷೇಧವೂ ಬಂತು.

ಆದರೆ ಮಾದರಿ ಬೈಲಾ ಶಿಲಾಶಾಸನವಲ್ಲ, ತಿದ್ದಬಹುದು. ತಿದ್ದುವ ಮೊದಲು ಕಾಯ್ದೆ ಏನು ಹೇಳುತ್ತದೆ ಎಂದು ತಿಳಿದಿರಬೇಕು.

1972ರ ಕಾಯ್ದೆ ಎಲ್ಲ ಕಟ್ಟಡಗಳಿಗೂ ತಾನಾಗಿ ಅನ್ವಯವಾಗುವುದಿಲ್ಲ. ಎಲ್ಲ ಮಾಲೀಕರು ಸೇರಿ ಘೋಷಣಾ ಪತ್ರ ಬರೆದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಆಸ್ತಿಯನ್ನು ಕಾಯ್ದೆಗೆ ಒಳಪಡಿಸಬೇಕು. ಬೈಲಾ ಆ ಪತ್ರಕ್ಕೆ ಲಗತ್ತಾಗಿರುತ್ತದೆ. ಹೀಗೆ ಮಾಡದೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರ ಸಹಿ ಹಾಕಿಸಿ ನಡೆಸುವ ಸಂಘಗಳು ಬಹಳ. ಎರಡಕ್ಕೂ ಇರುವ ವ್ಯತ್ಯಾಸ ಜಗಳ ಬಂದಾಗ ಗೊತ್ತಾಗುತ್ತದೆ. ಘೋಷಣಾ ಪತ್ರವಿದ್ದರೆ, ಬಾಕಿ ಉಳಿಸಿಕೊಂಡ ನಿರ್ವಹಣಾ ವೆಚ್ಚ ಫ್ಲ್ಯಾಟಿನ ಮೇಲೆಯೇ ಋಣಭಾರವಾಗಿ ಕೂರುತ್ತದೆ. ಸರ್ಕಾರಿ ತೆರಿಗೆ ಮತ್ತು ಮೊದಲ ಅಡಮಾನ ಬಿಟ್ಟರೆ ಅದಕ್ಕೇ ಆದ್ಯತೆ. ಬರೀ ಸೊಸೈಟಿಯಾಗಿದ್ದರೆ ಅಂಥ ಹಿಡಿತ ಇರುವುದಿಲ್ಲ. ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ ಮತದ ತೂಕವೂ ತಲೆ ಎಣಿಕೆಯಿಂದಲ್ಲ, ಸಾಮಾನ್ಯ ಪ್ರದೇಶದಲ್ಲಿ ಪ್ರತಿ ಫ್ಲ್ಯಾಟಿಗಿರುವ ಅವಿಭಜಿತ ಪಾಲಿನ ಶೇಕಡಾವಾರು ಲೆಕ್ಕದಿಂದ. ಆದ್ದರಿಂದ ಫ್ಲ್ಯಾಟ್ ಕೊಳ್ಳುವ ಮೊದಲೇ ಘೋಷಣಾ ಪತ್ರದ ದೃಢೀಕೃತ ನಕಲು ತೆಗೆಸಿ, ನಿಮ್ಮ ಪಾಲು ಎಷ್ಟೆಂದು ಬರೆದಿದೆ ನೋಡಿ.

ಈ ಕಾಯ್ದೆಯ ಎರಡು ಕಲಮುಗಳಲ್ಲಿ ಇಡೀ ವಿವಾದ ಅಡಗಿದೆ. 7ನೇ ಕಲಮು ಬೈಲಾವನ್ನು ಪ್ರತಿಯೊಬ್ಬ ಮಾಲೀಕನೂ ಕಟ್ಟುನಿಟ್ಟಾಗಿ ಪಾಲಿಸಬೇಕು ಎನ್ನುತ್ತದೆ. ಮೀರಿದರೆ ದಾರಿ ಯಾವುದು? ಹಾನಿಯ ಮೊತ್ತ ವಸೂಲಿ ಅಥವಾ ತಡೆಯಾಜ್ಞೆ, ಎರಡೂ ನ್ಯಾಯಾಲಯದ ಮೂಲಕ. ನಲ್ಲಿ ನೀರು ಕಟ್ಟು ಮಾಡುವುದು, ಲಿಫ್ಟ್ ಬಳಸಬೇಡಿ ಎನ್ನುವುದು ಆ ಕಲಮಿನಲ್ಲಿ ಇಲ್ಲ. ವಿದ್ಯುತ್ತಂತೂ ಅದನ್ನು ಪೂರೈಸುವ ಕಂಪನಿ ಹೆಸ್ಕಾಂ ಮತ್ತು ಗ್ರಾಹಕರ ನಡುವಿನ ವ್ಯವಹಾರ. ಮೀಟರ್ ಬೋರ್ಡಿನ ಫ್ಯೂಸ್ ಕೀಳುವ ಹಕ್ಕು ಸಂಘದ ಕಾರ್ಯದರ್ಶಿಗೆ ಇಲ್ಲ. 8ನೇ ಕಲಮು ಇನ್ನೊಂದು ಬದಿಯದು: ಕಟ್ಟಡದ ಭದ್ರತೆಗೆ ಕುಂದು ತರುವ, ಬೆಲೆ ತಗ್ಗಿಸುವ ಕೆಲಸವನ್ನಾಗಲಿ, ಹೊಸದಾಗಿ ಗಣನೀಯ ಕಟ್ಟೋಣವನ್ನಾಗಲಿ ಉಳಿದ ಎಲ್ಲ ಮಾಲೀಕರ ಒಮ್ಮತದ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಇಲ್ಲಿ ಬಹುಮತ ಸಾಲದು, ಒಮ್ಮತವೇ ಬೇಕು. ಇದು ಅತಿಯಾಯಿತು ಎಂದು ಅನ್ನಿಸಬಹುದು. ಕರಾವಳಿಯ ಕಾಂಕ್ರೀಟನ್ನು ಬಲ್ಲವರಿಗೆ ಹಾಗೆ ಅನ್ನಿಸುವುದಿಲ್ಲ.

ಕಡಲ ಗಾಳಿಗೆ ತೆರೆದ ಕಾಂಕ್ರೀಟನ್ನು ಐಎಸ್ 456:2000 ಎಂಬ ಭಾರತೀಯ ಮಾನದಂಡ ‘ತೀವ್ರ’ ವರ್ಗಕ್ಕೆ ಸೇರಿಸುತ್ತದೆ. ಅಲ್ಲಿ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಒಳಗಿನ ಕಬ್ಬಿಣದ ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟಿನ ಹೊದಿಕೆ (ಕವರ್) ಇರಬೇಕು; ಉಪ್ಪುನೀರಿನ ತುಂತುರು ನೇರವಾಗಿ ಬಡಿಯುವಲ್ಲಿ ಎಂ35 ಮತ್ತು 50 ಮಿ.ಮೀ. ಒಳನಾಡಿನ ಮನೆಯೊಳಗಿನ ಕಾಂಕ್ರೀಟಿಗೆ 20 ಮಿ.ಮೀ. ಸಾಕಾಗುತ್ತದೆ. ಇಷ್ಟು ಹೆಚ್ಚಿನ ಕವರ್ ಇಡುವುದು ಉಪ್ಪಿನ ಕ್ಲೋರೈಡ್ ಕಬ್ಬಿಣ ತಲುಪುವುದನ್ನು ತಡಮಾಡಲಿಕ್ಕೆ. ಬಾಲ್ಕನಿಯ ಅಂಚಿಗೆ ಗ್ರಿಲ್ ಕೂರಿಸಲೆಂದು 75 ಮಿ.ಮೀ. ಆಳದ ಆಂಕರ್ ಬೋಲ್ಟ್ ಹೊಡೆದರೆ ಆ ರಕ್ಷಣೆ ಒಂದೇ ಏಟಿಗೆ ಹೋಯಿತು. ಬೋಲ್ಟಿನ ಪಕ್ಕದಿಂದ ಮಳೆನೀರು ಇಳಿಯುತ್ತದೆ, ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಒಳಗಿನ ಒತ್ತಡಕ್ಕೆ ಕಾಂಕ್ರೀಟು ಬಿರಿದು ಹಪ್ಪಳೆಯಾಗಿ ಉದುರುತ್ತದೆ. ಉದುರುವುದು ಕೆಳಗೆ ನಡೆದಾಡುವವರ ತಲೆಯ ಮೇಲೆ. ಹೊರಗೋಡೆ ಎಲ್ಲರದು ಎಂದು ಕಾನೂನು ಹೇಳುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಡ.

ಹಾಗೆಂದು ಗ್ರಿಲ್ ಬೇಡ ಎನ್ನುವುದೂ ಸರಿಯಲ್ಲ. ಚಿಕ್ಕ ಮಕ್ಕಳಿರುವ ಮನೆಗೆ, ಮಂಗಗಳ ಕಾಟ ಇರುವ ಶಿರಸಿಗೆ ಅದು ಬೇಕೇ ಬೇಕು. ಸಂಘ ಹೇಳಬೇಕಾದದ್ದು ಬೇಡ ಎಂದಲ್ಲ, ಹೇಗೆ ಎಂದು. ಗ್ರಿಲ್ ಹೊರಕ್ಕೆ ಚಾಚದೆ ತೆರಪಿನ ಒಳಗೇ ಕೂರಲಿ. ಬೋಲ್ಟು ಸ್ಲ್ಯಾಬಿನ ಅಂಚಿಗಲ್ಲ, ಪಕ್ಕದ ಗೋಡೆಗೆ ಹೋಗಲಿ. ಸ್ಟೇನ್‌ಲೆಸ್ ಆದರೆ 304 ಬದಲು 316 ದರ್ಜೆ ಇರಲಿ, ಕಡಲ ಪಕ್ಕ 304ರ ಮೇಲೂ ಕಂದು ಕಲೆ ಏಳುತ್ತದೆ. ಎಸಿ ಪೈಪಿನ ತೂತು ಹೊರಗಡೆಗೆ ತುಸು ಇಳಿಜಾರಾಗಿರಬೇಕು, ಸುತ್ತ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು, ಎಸಿ ನೀರು ಗೋಡೆಯ ಮೇಲೆ ಸುರಿಯದೆ ಡ್ರೇನ್ ಪೈಪಿಗೆ ಸೇರಬೇಕು. ಬೀಮು, ಕಂಬಕ್ಕೆ ಯಂತ್ರದಿಂದ ದುಂಡು ತೂತು ಕೊರೆಯುವ ಕೋರ್ ಕಟಿಂಗ್ ಬೇಡವೇ ಬೇಡ. ಇಷ್ಟನ್ನು ಒಂದು ಚಿತ್ರ ಸಹಿತ ಒಂದು ಹಾಳೆಯಲ್ಲಿ ಬರೆದು ಬೈಲಾಗೆ ಸೇರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ತೂಕದ ಲೆಕ್ಕವೂ ಹೀಗೆಯೇ. ವಾಸದ ಕೋಣೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ, ಬಾಲ್ಕನಿಯನ್ನು 300 ಕೆ.ಜಿ.ಗೆ ಲೆಕ್ಕ ಹಾಕಿರುತ್ತಾರೆ. ಒಂದು ಅಡಿ ದಪ್ಪದ ಒದ್ದೆ ಮಣ್ಣಿನ ಪಾತಿ ಚದರ ಮೀಟರಿಗೆ 550 ಕೆ.ಜಿ. ದಾಟುತ್ತದೆ. ಕುಂಡದಲ್ಲಿ ತುಳಸಿ ಇಟ್ಟರೆ ತೊಂದರೆಯಿಲ್ಲ. ಬಾಲ್ಕನಿಯ ಚಾಚಿದ ತುದಿಯಲ್ಲಿ ಇಟ್ಟಿಗೆ ಕಟ್ಟಿ ಮಣ್ಣು ತುಂಬಿದರೆ ಅಪಾಯ. ಹಳೆಯ ನೆಲದ ಮೇಲೆಯೇ 20 ಮಿ.ಮೀ. ಗ್ರಾನೈಟ್ ಹಾಸಿದರೆ ಕಲ್ಲೊಂದೇ ಚದರ ಮೀಟರಿಗೆ 54 ಕೆ.ಜಿ., ಕೆಳಗಿನ ಗಾರೆ ಅದಕ್ಕಿಂತ ಹೆಚ್ಚು. ಹಳೆಯ ಟೈಲ್ಸ್ ಎಬ್ಬಿಸಿಯೇ ಹೊಸದು ಹಾಕಿ ಎಂದು ಸಂಘ ಹೇಳಿದರೆ ಅದು ಕಿರುಕುಳವಲ್ಲ. ಬಚ್ಚಲುಮನೆ ಒಡೆದು ಕಟ್ಟಿದಾಗ ವಾಟರ್‌ಪ್ರೂಫಿಂಗ್ ಮುಗಿಸಿ, ಟೈಲ್ಸ್ ಹಾಕುವ ಮುನ್ನ 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಮನೆಯವರಿಗೆ ಅವರ ಚಾವಣಿ ತೋರಿಸಿ ಒಪ್ಪಿಗೆ ಪಡೆಯಿರಿ. ಚಿರೇಕಲ್ಲಿನ ಗೋಡೆಯಾದರೆ ಇನ್ನೂ ಎಚ್ಚರ ಬೇಕು: ಚೌಕಟ್ಟಿನ ಕಟ್ಟಡದಲ್ಲಿ ಅದು ಬರೀ ಅಡ್ಡಗೋಡೆ, ಹಳೆಯ ಎರಡಂತಸ್ತಿನ ಕಟ್ಟಡದಲ್ಲಿ ಅದೇ ಭಾರ ಹೊತ್ತಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಬರಹದಲ್ಲಿ ಒಪ್ಪಿಗೆ ಕೊಡದೆ ಒಂದು ಕಲ್ಲನ್ನೂ ಕೀಳಬಾರದು.

ಈಗ ಬಟ್ಟೆಯ ಸಾಲಿಗೆ ಯಾವ ಆಧಾರವಿದೆ? ಭದ್ರತೆಯದಲ್ಲ, ನೀರಿನದಲ್ಲ, ನೋಟದ್ದು ಮಾತ್ರ. ಕೈಪಿಡಿಗೋಡೆಯ ಎತ್ತರಕ್ಕಿಂತ ಕೆಳಗೆ, ಬಾಲ್ಕನಿಯ ಒಳಗೆ ಹಗ್ಗ ಕಟ್ಟಬಹುದು, ಕೆಳಮನೆಯ ಮೇಲೆ ನೀರು ತೊಟ್ಟಿಕ್ಕಬಾರದು ಎಂದು ತಿದ್ದಿದರೆ ಸಾಕು. ತಿದ್ದುಪಡಿಗೆ ಸಾಮಾನ್ಯವಾಗಿ ಒಟ್ಟು ಪಾಲಿನ ಶೇ 75ರಷ್ಟು ಒಪ್ಪಿಗೆ ಬೇಕು ಎಂದು ಬೈಲಾ ಹೇಳುತ್ತದೆ. ಸಭೆಯ ನೋಟಿಸಿನಲ್ಲಿ ಹಳೆಯ ಸಾಲು, ಹೊಸ ಸಾಲು ಎರಡನ್ನೂ ಅಚ್ಚುಹಾಕಬೇಕು, ಒಪ್ಪಿಗೆಯಾದ ಮೇಲೆ ಘೋಷಣಾ ಪತ್ರದ ತಿದ್ದುಪಡಿಯಾಗಿ ನೋಂದಾಯಿಸಬೇಕು. ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರಷ್ಟೇ ಸಾಲದು. ಬಹುತೇಕ ತಿದ್ದುಪಡಿಗಳು ಸೋಲುವುದು ಇಲ್ಲೇ.

ಮೀನಿನ ವಿಚಾರವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ನಿಮ್ಮ ಅಡುಗೆಮನೆಯಲ್ಲಿ ಬಾಂಗಡೆ ಹುರಿಯುವುದು ನಿಮ್ಮ ಮನೆಯ ಮಾತು. ಎಲ್ಲರ ತಾರಸಿಯಲ್ಲಿ ಶೆಟ್ಲಿ (ಸಿಗಡಿ) ಒಣಹಾಕುವುದು ಎಲ್ಲರ ಮಾತು, ಏಕೆಂದರೆ ಕಾಯ್ದೆಯ ವ್ಯಾಖ್ಯೆಯಲ್ಲೇ ಚಾವಣಿ ಸಾಮಾನ್ಯ ಪ್ರದೇಶ. ಪಾರ್ಕಿಂಗ್ ಜಾಗವೂ ಹಾಗೆಯೇ. ಕಂಬಗಳ ನಡುವಿನ ಸ್ಟಿಲ್ಟ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು ಮುಂಬಯಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಸಾಕುಪ್ರಾಣಿಯ ವಿಚಾರದಲ್ಲಿ, ಬಹುಮತದ ಠರಾವಿನಿಂದಲೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಕೊಟ್ಟಿತು.

ಯಾರಿಗೆ ಮಾರಬೇಕು ಎನ್ನುವಲ್ಲಿ ಮಾತ್ರ ನಮ್ಮ ಕಾನೂನು ಅಮೆರಿಕದ ದಾರಿ ಬಿಟ್ಟಿತು. ಜನಾಂಗ ನೋಡಿ ಮಾರಾಟ ತಡೆಯುವ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1948ರಲ್ಲೇ ತೀರ್ಪಿತ್ತಿತು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಗುಜರಾತಿನ ಸಹಕಾರಿ ಗೃಹ ಸಂಘದ ಬೈಲಾವನ್ನು ನಮ್ಮ ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿಯಿತು. ಅದು ಸಹಕಾರಿ ಸಂಘದ ಪ್ರಕರಣ ನಿಜ. ಆದರೂ ನೆರೆಯವರ ಜಾತಿ, ಊಟ ನೋಡಿ ಮನೆ ಕೊಡುವ ಚಾಳಿಗೆ ಆ ತೀರ್ಪು ಬಲ ಕೊಟ್ಟಿತು ಎಂಬುದು ನಮ್ಮ ಖಚಿತ ಅಭಿಪ್ರಾಯ. ಈ ವಿಷಯದಲ್ಲಿ ಕಾನೂನು ಬದಲಾಗಬೇಕು.

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಬಿಲ್ಡರನ್ನು ಕಟ್ಟಿಹಾಕಿತು: ಬಹುಪಾಲು ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಅನುವು ಮಾಡಬೇಕು, ಸಾಮಾನ್ಯ ಪ್ರದೇಶವನ್ನು ಸಂಘಕ್ಕೆ ಬರೆದುಕೊಡಬೇಕು, ಐದು ವರ್ಷದೊಳಗೆ ಕಂಡ ರಚನಾ ದೋಷವನ್ನು ಪುಕ್ಕಟೆ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮೀರದ ಮನೆಗಳ ಯೋಜನೆಗೆ ನೋಂದಣಿ ಕಡ್ಡಾಯವಲ್ಲ. ನಮ್ಮಂಥ ಸಣ್ಣ ಊರಿನಲ್ಲಿ ಇಂಥ ಚಿಕ್ಕ ಕಟ್ಟಡ ಕೊಳ್ಳುವವರು ಈ ಭರವಸೆಗಳನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಶಿರಸಿಯ ಹೊರವಲಯದ ನಿವೇಶನಗಳ ಲೇಔಟುಗಳದ್ದು ಬೇರೆಯೇ ಕಥೆ. ಅಪಾರ್ಟ್‌ಮೆಂಟ್ ಕಾಯ್ದೆ ಅಲ್ಲಿ ಅನ್ವಯವಾಗುವುದಿಲ್ಲ. ನಿಯಮಕ್ಕೆ ಬಲ ಬರುವುದು ಕ್ರಯಪತ್ರದಲ್ಲಿ ಬರೆದ ಷರತ್ತಿನಿಂದ. ಲಂಡನ್ನಿನ ಲೆಸ್ಟರ್ ಚೌಕದ ತೋಟವನ್ನು ತೆರೆದೇ ಇಡಬೇಕೆಂಬ ಷರತ್ತು ಗೊತ್ತಿದ್ದೇ ಕೊಂಡವನು ಅದನ್ನು ಮೀರುವಂತಿಲ್ಲ ಎಂದು 1848ರಲ್ಲಿ ಬಂದ ತೀರ್ಪು ಇದರ ಮೂಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 11 ಮತ್ತು 40ನೇ ಕಲಮುಗಳಲ್ಲಿ ಅದರ ಸಾರ ಇದೆ: ಪಕ್ಕದ ಜಾಗದ ಅನುಭೋಗಕ್ಕಾಗಿ ‘ಇಂಥದ್ದು ಮಾಡಬಾರದು’ ಎಂಬ ಷರತ್ತು ಹಾಕಬಹುದು, ತಿಳಿದು ಕೊಂಡವರಿಗೂ ಅದು ತಗಲುತ್ತದೆ. ‘ಇಂಥದ್ದೇ ಬಣ್ಣ ಬಳಿಯಬೇಕು’, ‘ತಿಂಗಳಿಗೆ ಇಷ್ಟು ಕೊಡಬೇಕು’ ಎಂಬ ಹೊರೆ ಹಾಗೆ ಮುಂದಿನ ಕೊಳ್ಳುವವರಿಗೆ ತಾನಾಗಿ ದಾಟುವುದಿಲ್ಲ. ಇನ್ನು ಮಂಜೂರಾದ ಲೇಔಟಿನಲ್ಲಿ ರಸ್ತೆ, ಉದ್ಯಾನದ ಜಾಗವನ್ನು ಪರಿತ್ಯಾಜನ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರುತ್ತಾರೆ. ಬಿಟ್ಟುಕೊಟ್ಟ ಮೇಲೆ ಅದು ಸಾರ್ವಜನಿಕ ರಸ್ತೆ. ಗೇಟು ಹಾಕಿ ತಡೆಯುವ ಅಧಿಕಾರ ಸಂಘಕ್ಕಿಲ್ಲ. ನಗರಸಭೆಯಲ್ಲಿ ಆ ಪತ್ರದ ನಕಲು ಕೇಳಿ ನೋಡಿದ ಮೇಲೆಯೇ ಗೇಟಿನ ವಂತಿಗೆ ಕೊಡುವುದೋ ಬಿಡುವುದೋ ತೀರ್ಮಾನಿಸಿ.