ಕಾಣದ ಟ್ಯಾಗ್, ಓಡದ ಟೆಸ್ಟ್

ಬೆಳ್ಳಂದೂರಿನ ಒಂದು ಆಫೀಸಿನಲ್ಲಿ ನಡೆದದ್ದು. ಸಾಲ ಕೊಡುವ ಆ್ಯಪ್ ಒಂದರ ಟೆಸ್ಟಿಂಗ್ ತಂಡದಲ್ಲಿ ನಾನಿದ್ದೆ. ರಿಲೀಸ್‌ಗೆ ಎರಡೇ ದಿನ ಬಾಕಿ. ಬಿಸಿನೆಸ್ ಅನಲಿಸ್ಟ್ ಮೇಡಂ ನಮ್ಮ ಟೆಸ್ಟ್ ಸ್ಪೆಸಿಫಿಕೇಶನ್ ಪುಟ ತೆರೆದು ಒಂದೊಂದೇ ಸಿನಾರಿಯೊ, ಅಂದರೆ ಹೀಗೆ ಮಾಡಿದರೆ ಹೀಗಾಗಬೇಕು ಅನ್ನುವ ಒಂದೊಂದು ಸನ್ನಿವೇಶ, ಓದುತ್ತಿದ್ದರು. "ಅವಧಿಗೆ ಮೊದಲೇ ಸಾಲ ತೀರಿಸುವುದು" ಅನ್ನುವ ಫೀಚರ್ ಬಂತು. ಒಂಬತ್ತು ಸಿನಾರಿಯೊಗಳು. ಓದೋಕೆ ಬಹಳ ಚೆನ್ನಾಗಿದ್ದವು.

"ಇದೆಲ್ಲ ಕವರ್ ಆಗಿದೆ ಅಲ್ವಾ ಸರ್?" ಅಂದರು.

"ಆಗಿದೆ ಮೇಡಂ" ಅಂದೆ. ಪುಟದಲ್ಲಿ ಹಾಗೇ ಕಾಣುತ್ತಿತ್ತು.

ರಿಲೀಸ್ ಆಗಿ ವಾರ ಕಳೆದಿರಲಿಲ್ಲ. ಸಾಲ ಪೂರ್ತಿ ತೀರಿಸಿದ ಗ್ರಾಹಕರೊಬ್ಬರ ಖಾತೆಯಿಂದ ಇನ್ನೊಂದು ಇಎಂಐ ಕಟ್ ಆಯಿತು. ಟೆಸ್ಟ್ ಫೈಲ್ ತೆರೆದು ನೋಡಿದರೆ ಮೊದಲ ಸಾಲಿನಲ್ಲೇ @ಡಬ್ಲ್ಯುಐಪಿ ಅಂತ ಟ್ಯಾಗ್, ಅಂದರೆ ಗುರುತಿನ ಚೀಟಿ, ಕೂತಿತ್ತು. ವರ್ಕ್ ಇನ್ ಪ್ರೋಗ್ರೆಸ್, ಅಂದರೆ ಕೆಲಸ ಇನ್ನೂ ಮುಗಿದಿಲ್ಲ ಅಂತ. ಆ ಟ್ಯಾಗ್ ಇರುವುದನ್ನು ಓಡಿಸಬೇಡ ಅಂತ ನಮ್ಮ ಬಿಲ್ಡ್‌ಗೆ, ಅಂದರೆ ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ವ್ಯವಸ್ಥೆಗೆ, ಹೇಳಿಟ್ಟಿದ್ದೆವು. ಒಂಬತ್ತೂ ಸಿನಾರಿಯೊಗಳು ತಿಂಗಳುಗಟ್ಟಲೆ ಒಮ್ಮೆಯೂ ಓಡಿರಲಿಲ್ಲ. ಮೇಡಂ ಓದಿದ ಪುಟ ತಯಾರಾಗುವುದು ಇದೇ ಫೈಲ್‌ನಿಂದ. ಹಾಗಾದರೆ ಪುಟದಲ್ಲಿ ಟ್ಯಾಗ್ ಯಾಕೆ ಕಾಣಲಿಲ್ಲ? "ಟ್ಯಾಗೆಲ್ಲ ಸುಮ್ನೆ ಗಲೀಜಾಗಿ ಕಾಣುತ್ತೆ, ತೆಗೀರಿ" ಅಂತ ಯಾರೋ ಒಬ್ಬರು ಮೀಟಿಂಗ್‌ನಲ್ಲಿ ಹೇಳಿದ್ದರು. ಆ ಯಾರೋ ನಾನೇ.

ಈ ವಿಷಯ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸಾಫ್ಟ್‌ವೇರ್ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಮಾಮೂಲಿ ಮಾತಿನಲ್ಲಿ ಬರೆದು, ಅದೇ ಬರಹವನ್ನು ಟೆಸ್ಟ್ ಆಗಿ ಓಡಿಸುವ ಪದ್ಧತಿ ಇದೆ. ಹೀಗೆ ಬರೆಯುವ ರೀತಿಗೆ ಗರ್ಕಿನ್ ಅಂತ ಹೆಸರು. ಓಡಿಸುವ ಸಾಧನಗಳಲ್ಲಿ ಹೆಸರುವಾಸಿಯಾದದ್ದು 2008ರಲ್ಲಿ ಬಂದ ಕ್ಯುಕಂಬರ್. ಅದೇ ಫೈಲ್‌ಗಳಿಂದ ಓದುವುದಕ್ಕೆ ಅನುಕೂಲವಾದ ಡಾಕ್ಯುಮೆಂಟ್ ತಯಾರಿಸುವ ಸಾಧನಗಳೂ ಇವೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಸಾಫ್ಟ್‌ವೇರ್ ಬರೆಯುವವರಿಗೆ ಪರಿಚಯವಿರುವ ಪಿಕಲ್ಸ್ ಅಂಥದ್ದೊಂದು. ಎಚ್‌ಟಿಎಂಎಲ್, ವರ್ಡ್, ಎಕ್ಸೆಲ್ ಹೀಗೆ ಬೇಕಾದ ರೂಪದಲ್ಲಿ ಕೊಡುತ್ತದೆ.

ಹೆಸರುಗಳ ತಮಾಷೆ ಗಮನಿಸಿದಿರಾ? ಗರ್ಕಿನ್ ಅಂದರೆ ನಮ್ಮ ಮಿಡಿಸೌತೆ. ಕರ್ನಾಟಕದ ರೈತರು ಗುತ್ತಿಗೆ ಮೇಲೆ ಬೆಳೆದು ವಿದೇಶಕ್ಕೆ ಕಳಿಸುವ, ನಾವು ಮಾತ್ರ ಹೆಚ್ಚಾಗಿ ತಿನ್ನದ ಅದೇ ಮಿಡಿಸೌತೆ. ಪಿಕಲ್ ಅಂದರೆ ಉಪ್ಪಿನಕಾಯಿ. ಗರ್ಕಿನ್‌ಗೆ ಕನ್ನಡವೂ ಬರುತ್ತದೆ. ಆದರೆ ಅಲ್ಲಿ ಫೀಚರ್‌ಗೆ ಕೊಟ್ಟಿರುವ ಪದ "ಹೆಚ್ಚಳ", ಸಿನಾರಿಯೊಗೆ "ಕಥಾಸಾರಾಂಶ". ತಂಡದ ಹುಡುಗನೊಬ್ಬನಿಗೆ ತೋರಿಸಿದಾಗ "ಹೆಚ್ಚಳ ಅಂದ್ರೆ ಸಂಬಳದ್ದಾ ಸರ್?" ಅಂತ ಕೇಳಿದ. ಆಮೇಲೆ ನಾವು ಆ ಪದಗಳ ತಂಟೆಗೆ ಹೋಗಲಿಲ್ಲ. ಟ್ಯಾಗ್‌ಗಳನ್ನು ಮಾತ್ರ ಕನ್ನಡದಲ್ಲೇ ಬರೆಯಬಹುದು, @ತುರ್ತು ಅಂತ ಇಟ್ಟರೂ ನಡೆಯುತ್ತದೆ.

ಟ್ಯಾಗ್ ನಿಯಮಗಳು ಸರಳ. @ ಗುರುತಿನಿಂದ ಶುರು, ನಡುವೆ ಖಾಲಿ ಜಾಗ ಇರಬಾರದು. ಫೀಚರ್, ರೂಲ್ (ಫೀಚರ್ ಒಳಗಿನ ಒಂದು ನಿಯಮ), ಸಿನಾರಿಯೊ, ಎಕ್ಸಾಂಪಲ್ಸ್ (ಉದಾಹರಣೆಗಳ ಟೇಬಲ್) ಇವುಗಳ ಮೇಲೆ ಹಾಕಬಹುದು. ಬ್ಯಾಕ್‌ಗ್ರೌಂಡ್ (ಎಲ್ಲ ಸಿನಾರಿಯೊಗೂ ಮೊದಲು ಬರುವ ಸಾಮಾನ್ಯ ಭಾಗ) ಮೇಲಾಗಲಿ, ಒಳಗಿನ ಸ್ಟೆಪ್‌ಗಳ ಮೇಲಾಗಲಿ ಹಾಕುವಂತಿಲ್ಲ.

ತೊಂದರೆ ಏನೆಂದರೆ, ಒಂದೇ @ ಗುರುತಿನ ಕೆಳಗೆ ಬೇರೆ ಬೇರೆ ಜನರಿಗೆ ಬರೆದ ಮಾತು ಸೇರಿಕೊಂಡಿರುತ್ತದೆ. ಬಿಎಂಟಿಸಿ ಬಸ್ ನೋಡಿ. ಮುಂದೆ ರೂಟ್ ನಂಬರ್, ಹೋಗುವ ಊರು, ಯಾವ ದಾರಿ ಅನ್ನುವ ಬೋರ್ಡ್ ಇರುತ್ತದೆ. ಅದು ಪ್ರಯಾಣಿಕರಿಗೆ. ಪಕ್ಕದಲ್ಲೆಲ್ಲೋ ಡಿಪೋ ಗುರುತು ಬರೆದಿರುತ್ತಾರೆ. ಅದು ಡಿಪೋದವರಿಗೆ. ರಿಂಗ್ ರೋಡ್ ಸ್ಟಾಪಿನಲ್ಲಿ ನಿಂತವರಿಗೆ ಡಿಪೋ ಗುರುತು ಕಟ್ಟಿಕೊಂಡು ಏನಾಗಬೇಕು? ನಮ್ಮಲ್ಲೂ ಅಷ್ಟೇ. @ಕ್ರೋಮ್, @ಡಿಬಿ_ರೀಸೆಟ್, @ಮೂರು_ಸಲ_ಪ್ರಯತ್ನಿಸು ಇವೆಲ್ಲ ಯಂತ್ರಕ್ಕೆ ಹೇಳುವ ಮಾತು. @ಸ್ಮೋಕ್ (ಮೊದಲು ನೋಡುವ ಮುಖ್ಯ ಟೆಸ್ಟ್‌ಗಳು), ಕೆಲಸ ದಾಖಲಿಸಿದ ಟಿಕೆಟ್‌ನ ನಂಬರ್, @ಹೆಚ್ಚು_ರಿಸ್ಕ್ ಇವು ಓದುವವರಿಗೆ. ಇನ್ನು @ಡಬ್ಲ್ಯುಐಪಿ, @ಇಗ್ನೋರ್ ತರಹದವು ಇವೆಯಲ್ಲ, ಅವನ್ನು ಬರೆಯುವುದು ಯಂತ್ರಕ್ಕೆ. ಆದರೆ ಅದನ್ನು ತಿಳಿದುಕೊಳ್ಳಬೇಕಾದವರು ಮನುಷ್ಯರು. ನಾನು ಎಡವಿದ್ದು ಇಲ್ಲೇ. ಡಿಪೋ ಗುರುತು ಅಳಿಸೋಣ ಅಂತ ಹೊರಟು "ಈ ಬಸ್ ಹೋಗುವುದಿಲ್ಲ" ಅನ್ನುವ ಬೋರ್ಡನ್ನೂ ಅಳಿಸಿದ್ದೆ.

ಇದಾದ ಮೇಲೆ ಕೋಪದಲ್ಲಿ ಎಲ್ಲ ಟ್ಯಾಗ್ ತೋರಿಸುವ ಹಾಗೆ ಮಾಡಿದೆ. ಆಗ ಇನ್ನೊಂದು ಸಮಸ್ಯೆ ಎದುರಾಯಿತು. ಫೀಚರ್ ಮೇಲೆ ಹಾಕಿದ ಟ್ಯಾಗ್ ಅದರೊಳಗಿನ ಪ್ರತಿ ಸಿನಾರಿಯೊಗೂ ತಾನಾಗಿಯೇ ಅನ್ವಯಿಸುತ್ತದೆ, ಮನೆತನದ ಹೆಸರಿನ ಹಾಗೆ. ಈಗ ಡಾಕ್ಯುಮೆಂಟ್‌ನಲ್ಲಿ ಅದನ್ನು ಎಲ್ಲಿ ತೋರಿಸಬೇಕು? ಫೈಲ್‌ನಲ್ಲಿ ಬರೆದ ಜಾಗದಲ್ಲಿ ಮಾತ್ರ ತೋರಿಸಿದರೆ, ಲಿಂಕ್ ಒತ್ತಿ ನೇರವಾಗಿ ಏಳನೇ ಸಿನಾರಿಯೊಗೆ ಬಂದವರಿಗೆ ಮೇಲಿನ @ಡಬ್ಲ್ಯುಐಪಿ ಕಣ್ಣಿಗೇ ಬೀಳುವುದಿಲ್ಲ. ಪ್ರತಿ ಸಿನಾರಿಯೊ ಮೇಲೂ ತೋರಿಸಿದರೆ ಐದೈದು ಟ್ಯಾಗ್‌ಗಳು ಒಂಬತ್ತು ಸಲ ಬರುತ್ತವೆ. ಓದುವವರ ಕಣ್ಣು ಮೂರನೆಯದಕ್ಕೇ ಅವನ್ನು ಹಾರಿಸಿ ಮುಂದೆ ಹೋಗುತ್ತದೆ. ಎಲ್ಲೆಲ್ಲೂ ಕಾಣುವುದನ್ನು ಯಾರೂ ನೋಡುವುದಿಲ್ಲ.

ಸಾಧನಗಳ ಒಳಗಡೆಯೂ ಈ ಎರಡು ನೋಟ ಇವೆ. ಗರ್ಕಿನ್ ಫೈಲನ್ನು ಓದಿದ ಮೊದಲ ಹಂತದಲ್ಲಿ ಸಿಗುವ ಮರದಂಥ ರಚನೆಯಲ್ಲಿ ಟ್ಯಾಗ್ ಬರೆದ ಕಡೆಯಲ್ಲೇ ಇರುತ್ತದೆ. ಅದರಿಂದ ಕ್ಯುಕಂಬರ್ ಓಡಿಸಲು ತಯಾರಿಸುವ ಪ್ರತಿ ಘಟಕಕ್ಕೂ ಪಿಕಲ್ ಅಂತಲೇ ಹೆಸರು. ಡಾಕ್ಯುಮೆಂಟ್ ಸಾಧನದ ಹೆಸರಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಆ ಪಿಕಲ್‌ನಲ್ಲಿ ಮೇಲಿನಿಂದ ಬಂದ ಟ್ಯಾಗ್‌ಗಳೂ ಸೇರಿರುತ್ತವೆ, ಜೊತೆಗೆ ಪ್ರತಿಯೊಂದೂ ಮೂಲದಲ್ಲಿ ಎಲ್ಲಿತ್ತು ಅನ್ನುವ ಗುರುತೂ ಇರುತ್ತದೆ. ಆ ಗುರುತು ಬಹಳ ಉಪಕಾರಿ. ಸ್ವಂತ ಟ್ಯಾಗ್ ಯಾವುದು, ಬಳುವಳಿಯಾಗಿ ಬಂದದ್ದು ಯಾವುದು ಅಂತ ಬೇರೆ ಮಾಡಬಹುದು. ನಾನೀಗ ಮಾಡುವುದು ಹೀಗೆ: ಸ್ವಂತದ್ದನ್ನು ಸಿನಾರಿಯೊ ಹೆಸರಿನ ಮೇಲೆ ಗಾಢವಾಗಿ ತೋರಿಸುತ್ತೇನೆ. ಫೀಚರ್‌ನಿಂದ ಬಂದ ಮಾಮೂಲಿ ಟ್ಯಾಗ್‌ಗಳನ್ನು ಫೀಚರ್ ತಲೆಯಲ್ಲಿ ಒಮ್ಮೆ ಮಾತ್ರ. ಆದರೆ "ಓಡುವುದಿಲ್ಲ" ಅನ್ನುವ ಜಾತಿಯ ಟ್ಯಾಗ್ ಎಲ್ಲಿಂದಲೇ ಬಂದಿರಲಿ, ಪ್ರತಿ ಸಿನಾರಿಯೊ ಮೇಲೂ ಬರಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಎಕ್ಸಾಂಪಲ್ಸ್ ಮೇಲಿನ ಟ್ಯಾಗ್ ಹಲವರಿಗೆ ಗೊತ್ತೇ ಇರುವುದಿಲ್ಲ. ಬೇರೆ ಬೇರೆ ಬೆಲೆಗಳನ್ನಿಟ್ಟು ಮತ್ತೆ ಮತ್ತೆ ಓಡಿಸುವ ಸಿನಾರಿಯೊಗೆ ಸಿನಾರಿಯೊ ಔಟ್‌ಲೈನ್ ಅಂತಾರೆ, ಅದರ ಕೆಳಗೆ ಎರಡು ಟೇಬಲ್ ಇಡಬಹುದು. ನಮ್ಮಲ್ಲಿ ಯುಪಿಐ, ನೆಟ್ ಬ್ಯಾಂಕಿಂಗ್ ಒಂದು ಟೇಬಲ್, ಅದು ಪ್ರತಿ ಬಿಲ್ಡ್‌ಗೂ ಓಡುತ್ತಿತ್ತು. ಚೆಕ್‌ನಲ್ಲಿ ಕಟ್ಟುವವರದ್ದು ಇನ್ನೊಂದು ಟೇಬಲ್, ತುಂಬಾ ಹೊತ್ತು ಹಿಡಿಯುವುದರಿಂದ @ರಾತ್ರಿ ಅಂತ ಟ್ಯಾಗ್ ಹಾಕಿ ರಾತ್ರಿ ಓಟಕ್ಕೆ ಬಿಟ್ಟಿದ್ದೆವು. ಆಗ ನಾವು ಬಳಸುತ್ತಿದ್ದ ಟೆಂಪ್ಲೇಟ್ ಎರಡೂ ಟೇಬಲನ್ನು ತೋರಿಸುತ್ತಿತ್ತು, ಟೇಬಲ್ ಮೇಲಿನ ಟ್ಯಾಗನ್ನು ನುಂಗುತ್ತಿತ್ತು. ಓದಿದವರು ಎರಡೂ ಒಟ್ಟಿಗೇ ಓಡುತ್ತವೆ ಅಂದುಕೊಳ್ಳದೆ ಇನ್ನೇನು ಅಂದುಕೊಂಡಾರು? ನಿಮ್ಮ ಡಾಕ್ಯುಮೆಂಟ್ ಸಾಧನವನ್ನು ಪರೀಕ್ಷೆ ಮಾಡಬೇಕಿದ್ದರೆ ಮೊದಲು ಇದನ್ನೇ ನೋಡಿ.

ಇನ್ನು ಮುಚ್ಚುವುದರ ವಿಷಯ. ಇಲ್ಲಿ ಎರಡು ಬೇರೆ ಕೆಲಸಗಳಿವೆ, ಜನ ಎರಡನ್ನೂ ಒಂದೇ ಮಾತಿನಲ್ಲಿ "ಹೈಡ್ ಮಾಡಿ" ಅಂತಾರೆ. ಒಂದು, ಟ್ಯಾಗ್ ಹೆಸರು ಮಾತ್ರ ಕಾಣದ ಹಾಗೆ ಮಾಡುವುದು, ಸಿನಾರಿಯೊ ಪುಟದಲ್ಲಿ ಉಳಿಯುತ್ತದೆ. ಇನ್ನೊಂದು, ಆ ಟ್ಯಾಗ್ ಇರುವ ಸಿನಾರಿಯೊವನ್ನೇ ಪುಟದಿಂದ ಬಿಡುವುದು. ಪಿಕಲ್ಸ್‌ನಲ್ಲಿ ಮೊದಲನೆಯದಕ್ಕೆ ಹೈಡ್‌ಟ್ಯಾಗ್ಸ್, ಎರಡನೆಯದಕ್ಕೆ ಎಕ್ಸ್‌ಕ್ಲೂಡ್‌ಟ್ಯಾಗ್ಸ್ ಅಂತ ಬೇರೆ ಬೇರೆ ಸೆಟ್ಟಿಂಗ್ ಇವೆ. ನನ್ನ ಪ್ರಕಾರ ಹೈಡ್ ಮಾಡಬೇಕಾದ್ದು ಯಂತ್ರದ ಟ್ಯಾಗ್‌ಗಳನ್ನು ಮಾತ್ರ, ಅದೂ ಹೆಸರು ಹೆಸರಾಗಿ ಪಟ್ಟಿ ಮಾಡಿ. "ಎಲ್ಲವನ್ನೂ ಮುಚ್ಚು" ಅನ್ನುವ ಸ್ವಿಚ್ ಇದ್ದರೆ ಅದನ್ನು ಮುಟ್ಟಬೇಡಿ. ಎಕ್ಸ್‌ಕ್ಲೂಡ್ ಅಂತೂ ನಾನು ಅಪರೂಪಕ್ಕೆ ಬಳಸುತ್ತೇನೆ. ಬರೆಯುತ್ತಾ ಅರ್ಧಕ್ಕೆ ನಿಂತ ಕರಡನ್ನು ಗ್ರಾಹಕರಿಗೆ ತೋರಿಸುವುದು ಬೇಡ ಅನ್ನಿಸಿದಾಗ ಮಾತ್ರ. @ಡಬ್ಲ್ಯುಐಪಿ ಇರುವುದನ್ನೆಲ್ಲ ಎಕ್ಸ್‌ಕ್ಲೂಡ್ ಮಾಡಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಆಗ ಸಾಲ ತೀರಿಸುವ ಫೀಚರ್ ಪೂರ್ತಿ ಮಾಯವಾಗುತ್ತಿತ್ತು. ಮೇಡಂ ಅದನ್ನು ಗಮನಿಸುತ್ತಿದ್ದರಾ? ಇರುವುದರಲ್ಲಿ ತಪ್ಪು ಹುಡುಕುವುದು ಸುಲಭ. ಇಲ್ಲದ್ದನ್ನು ಗಮನಿಸುವುದು ಕಷ್ಟ.

ಟ್ಯಾಗ್‌ಗಳನ್ನು ತೋರಿಸಲು ಶುರು ಮಾಡಿದ ಮೇಲೆ ಬಯಸದೇ ಬಂದ ಲಾಭ ಒಂದಿದೆ. ಡಾಕ್ಯುಮೆಂಟ್‌ನ ಕೊನೆಯಲ್ಲಿ ಎಲ್ಲ ಟ್ಯಾಗ್‌ಗಳ ಪಟ್ಟಿ, ಪಕ್ಕದಲ್ಲಿ ಎಷ್ಟೆಷ್ಟು ಸಿನಾರಿಯೊ ಅಂತ ಹಾಕಿದೆ. ರಿಗ್ರೆಶನ್ (ಹಳೆಯದೇನೂ ಕೆಟ್ಟಿಲ್ಲವೇ ಅಂತ ನೋಡುವ ಟೆಸ್ಟ್) ಅನ್ನುವ ಒಂದೇ ಪದ ನಾಲ್ಕು ವೇಷದಲ್ಲಿ ಬಂತು. ಒಂದು ದೊಡ್ಡಕ್ಷರದಲ್ಲಿ, ಒಂದು ಚಿಕ್ಕಕ್ಷರದಲ್ಲಿ, ಒಂದರಲ್ಲಿ ಒಂದು ಅಕ್ಷರ ಕಮ್ಮಿ, ಇನ್ನೊಂದು ಬರೀ "ರೆಗ್". ಕ್ಯುಕಂಬರ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಹಾಗಾಗಿ ರಿಗ್ರೆಶನ್ ಓಟದಲ್ಲಿ ಮೂರು ವೇಷದವರು ಮನೆಯಲ್ಲೇ ಉಳಿದಿದ್ದರು. ಫೈಲ್‌ಗಳಲ್ಲಿ ಬಿಡಿಬಿಡಿಯಾಗಿ ನೋಡಿದಾಗ ಯಾರಿಗೂ ಹೊಳೆಯದ್ದು, ಪಟ್ಟಿಯಲ್ಲಿ ಒಂದರ ಕೆಳಗೊಂದು ಬಂದಾಗ ಎದ್ದು ಕಂಡಿತು.

ಈ ವಿಷಯದಲ್ಲಿ ರೋಬೋಟ್ ಫ್ರೇಮ್‌ವರ್ಕ್ ಅನ್ನುವ ಇನ್ನೊಂದು ಟೆಸ್ಟಿಂಗ್ ಸಾಧನ ಜಾಣತನ ತೋರಿಸಿದೆ. ನೋಕಿಯಾ ನೆಟ್‌ವರ್ಕ್ಸ್‌ನಲ್ಲಿ ಬೆಳೆದು 2008ರಲ್ಲಿ ಓಪನ್ ಸೋರ್ಸ್ ಆದದ್ದು ಅದು. ಒಂದು ಟೆಲಿಕಾಂ ಪ್ರಾಜೆಕ್ಟ್‌ನಲ್ಲಿ ಬಳಸಿದ್ದೆ. ಅಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ನಡುವಿನ ಜಾಗ ಯಾವುದೂ ಲೆಕ್ಕಕ್ಕಿಲ್ಲ, ಎಲ್ಲ ಒಂದೇ ಟ್ಯಾಗ್. ಪ್ರತಿ ಟ್ಯಾಗ್‌ಗೂ ಎಷ್ಟು ಪಾಸ್, ಎಷ್ಟು ಫೇಲ್ ಅನ್ನುವ ಲೆಕ್ಕ ರಿಪೋರ್ಟ್‌ನಲ್ಲೇ ಬರುತ್ತದೆ. ಟ್ಯಾಗ್‌ಡಾಕ್ ಅನ್ನುವ ಆಯ್ಕೆಯಲ್ಲಿ ಒಂದು ಟ್ಯಾಗ್ ಏನನ್ನು ಹೇಳುತ್ತದೆ ಅಂತ ಒಂದು ಸಾಲು ಬರೆದಿಡಬಹುದು. ಟ್ಯಾಗ್‌ಸ್ಟ್ಯಾಟ್‌ಲಿಂಕ್ ಅನ್ನುವುದರಲ್ಲಿ ಟಿಕೆಟ್ ನಂಬರಿನ ಟ್ಯಾಗನ್ನು ನೇರವಾಗಿ ಟಿಕೆಟ್ ಪುಟಕ್ಕೆ ಜೋಡಿಸಬಹುದು. ಗರ್ಕಿನ್ ಪುಟಗಳಲ್ಲೂ ನಾನು ಇದನ್ನೇ ನಕಲು ಹೊಡೆದೆ. ಟ್ಯಾಗ್ ಹೆಸರು, ಅದರ ಅರ್ಥ ಇರುವ ಒಂದು ಚಿಕ್ಕ ಫೈಲ್. ಅದರಲ್ಲಿಲ್ಲದ ಟ್ಯಾಗ್ ಬಂದರೆ ಡಾಕ್ಯುಮೆಂಟ್ ತಯಾರಾಗುವುದೇ ಇಲ್ಲ, ಬಿಲ್ಡ್ ಕೆಂಪಾಗುತ್ತದೆ. ಮೊದಲ ವಾರ ಬೈಸಿಕೊಂಡೆ, ಆಮೇಲೆ ಸರಿಹೋಯಿತು.

ಬಣ್ಣದ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಹಸಿರು, ಕೆಂಪು, ಹಳದಿ ಚೀಟಿಗಳು ಸ್ಕ್ರೀನ್ ಮೇಲೆ ಚೆಂದ. ಆಡಿಟ್‌ಗೆ ಬಂದವರು ವರ್ಡ್ ಫೈಲನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಯುತ್ತಾರೆ. ಆಗ ಎಲ್ಲ ಚೀಟಿಯೂ ಬೂದು. ಕೆಂಪು, ಹಸಿರು ಬೇರೆ ಮಾಡಿ ಗುರುತಿಸಲಾಗದ ಸಹೋದ್ಯೋಗಿಯೂ ನಮ್ಮಲ್ಲಿದ್ದರು. ಅಕ್ಷರದಲ್ಲಿ ಹೇಳಿಬಿಟ್ಟರೆ ಮುಗಿಯಿತು.

ಹಾಗಾಗಿ ಈಗ ಪುಟದಲ್ಲಿ @ಡಬ್ಲ್ಯುಐಪಿ ಅಂತ ಕಾಣುವುದಿಲ್ಲ. ಅದರ ಜಾಗದಲ್ಲಿ "ಇದನ್ನು ಇನ್ನೂ ಓಡಿಸುತ್ತಿಲ್ಲ" ಅಂತ ಸಿನಾರಿಯೊ ಹೆಸರಿಗಿಂತ ಮೊದಲೇ ಬರುತ್ತದೆ, ಪಕ್ಕದಲ್ಲಿ ಟ್ಯಾಗ್ ಹಾಕಿದ ತಾರೀಖು. ತಾರೀಖನ್ನು ಫೈಲ್‌ಗಳ ಬದಲಾವಣೆ ದಾಖಲಿಸುವ ಗಿಟ್‌ನಿಂದ ತೆಗೆಯುತ್ತೇವೆ, ಯಾರೂ ಕೈಯಲ್ಲಿ ಬರೆಯಬೇಕಿಲ್ಲ. ಮುಂದಿನ ರಿಲೀಸ್ ರಿವ್ಯೂನಲ್ಲಿ ಮೇಡಂ ಪುಟ ತೆರೆದವರೇ ಉಳಿದದ್ದನ್ನೆಲ್ಲ ಬಿಟ್ಟು ಆ ಸಾಲು ಇರುವುದನ್ನಷ್ಟೇ ಹುಡುಕಿದರು. ಆರು ಸಿಕ್ಕವು. ಒಂದರ ತಾರೀಖು ನೋಡಿ ನನ್ನ ಕಡೆ ತಿರುಗಿದರು.

"ಸರ್, ಇದು ಕಳೆದ ದಸರಾದ್ದು. ಯಾವಾಗ ಓಡಿಸ್ತೀರಾ?"

ಆ ಸಂಜೆ ಕೂತು ಅದನ್ನು ಓಡಿಸಿದೆವು. ಫೇಲ್ ಆಯಿತು.